ವಾದ್ಯದವರಿಗೂ ಒಂದು ಸಂಘ

ಬೆಳಗಿನ ಹೊತ್ತು ರೇಡಿಯೋ ತಿರುಗಿಸಿದೊಡನೆ ಮಂಗಳವಾದ್ಯ ಕೇಳಿಬಂದರೆ ಮನೆಗೇ ಒಂದು ಕಳೆ ಬಂದಂತಾಗುತ್ತದೆ. ಕಾಫಿ ಸೋಸುತ್ತಲೋ ಅಂಗಳಕ್ಕೆ ನೀರು ಹಾಕುತ್ತಲೋ ನೀವು ಅದನ್ನು ಕೇಳಿರುತ್ತೀರಿ. ಅಲ್ಲಿ ನಾಗಸ್ವರ ನುಡಿಸುವ ವಿದ್ವಾಂಸರು ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾದವರು. ಇಂಥ ದಿನ, ಇಷ್ಟು ಹೊತ್ತು, ಇಷ್ಟು ಸಂಭಾವನೆ ಎಂದು ಬರೆದ ಒಪ್ಪಂದಪತ್ರಕ್ಕೆ ಅವರು ರುಜು ಹಾಕಿರುತ್ತಾರೆ. ಸರಿ. ಕಳೆದ ಲಗ್ನದಲ್ಲಿ ನಿಮ್ಮ ಬೀದಿಯ ಮದುವೆಯಲ್ಲಿ ಗಟ್ಟಿಮೇಳ ಬಾರಿಸಿದರಲ್ಲ, ಅವರಿಗೆ ಅಂಥ ಕಾಗದವನ್ನು ಯಾರಾದರೂ ಕೊಟ್ಟಿದ್ದರೆ? ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಎಲೆ ಅಡಿಕೆಯ ಮೇಲೆ ಒಂದಿಷ್ಟು ಮುಂಗಡ, ಮಿಕ್ಕದ್ದು ಬಾಯಿಮಾತು.

ಈ ಬಾಯಿಮಾತಿನ ಮೇಲೆ ಬದುಕುವವರ ಸಂಖ್ಯೆ ಚಿಕ್ಕದಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಊರುಗಳ ಆಸುಪಾಸಿನಲ್ಲಿ ಓಲಗದವರು, ಬ್ಯಾಂಡ್‌ಸೆಟ್ಟಿನವರು, ತಮಟೆಯವರು, ಭಜನೆಯ ಹಾರ್ಮೋನಿಯಂ ತಬಲದವರು, ಹರಿಕಥೆಗೆ ಪಕ್ಕವಾದ್ಯ ನುಡಿಸುವವರು, ಈಚೆಗೆ ಆರ್ಕೆಸ್ಟ್ರಾದವರು ಎಲ್ಲರೂ ಇದ್ದಾರೆ. ಎದುರಿಗೆ ಕುಳಿತ ಜನರಿಗೆ ಆ ಗಳಿಗೆಯಲ್ಲೇ ನುಡಿಸಿ ಅನ್ನ ಸಂಪಾದಿಸುವವರು ಇವರು. ಇಂಥವರ ಬೆನ್ನಿಗೆ ಒಂದು ವೃತ್ತಿಸಂಘ ನಿಂತರೆ ಏನಾಗುತ್ತದೆ, ನಿಲ್ಲದಿದ್ದರೆ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ಹಿಂದಿನ ಕಾಲದಲ್ಲಿ ಸಂಘದ ಮಾತೇ ಇರಲಿಲ್ಲ, ಏಕೆಂದರೆ ನೆಲವಿತ್ತು. ದೇವಸ್ಥಾನದಲ್ಲಿ ತ್ರಿಕಾಲ ನುಡಿಸುವವನಿಗೆ ಇಷ್ಟು ಗದ್ದೆ, ಅರಮನೆಯಲ್ಲಿ ಹಾಡಿದವನಿಗೆ ಇಷ್ಟು ಭೂಮಿ ಎಂದು ಇನಾಂ ಬಿಡುತ್ತಿದ್ದರು. ಸಂಗೀತ ಅಂದರೆ ಆ ಹೊಲದ ಬೆಳೆಯಂತೆ, ಅಪ್ಪನಿಂದ ಮಗನಿಗೆ ಬರುತ್ತಿತ್ತು. ಗೌರಿಬಿದನೂರು ಸೀಮೆಯ ಚಿಂತಲಪಲ್ಲಿಯ ಹೆಸರನ್ನು ಸಂಗೀತ ಬಲ್ಲವರು ಕೇಳಿಯೇ ಇರುತ್ತಾರೆ. ಚಿಂತಲಪಲ್ಲಿ ವೆಂಕಟರಾಯರು, ಚಿಂತಲಪಲ್ಲಿ ರಾಮಚಂದ್ರರಾಯರು ಎಂದು ಊರಿನ ಹೆಸರನ್ನೇ ಮುಂದಿಟ್ಟುಕೊಂಡು, ಮೈಸೂರು ಸಂಸ್ಥಾನದಲ್ಲಿ ಮನ್ನಣೆ ಪಡೆದ ಮನೆತನ ಅದು. ಒಂದು ಸಣ್ಣ ಹಳ್ಳಿಯಲ್ಲಿ ತಲೆತಲಾಂತರದಿಂದ ಸಂಗೀತ ಉಳಿಯಬೇಕಾದರೆ ಕಂಠವೊಂದೇ ಸಾಲದು. ಒಲೆಯ ಮೇಲೆ ಅನ್ನವೂ ಬೇಯುತ್ತಿರಬೇಕು.

ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ರಾಜ್ಯವು 1954ರ ಕಾಯಿದೆಯಿಂದ ವೈಯಕ್ತಿಕ ಇನಾಂಗಳನ್ನೂ, 1955ರ ಕಾಯಿದೆಯಿಂದ ಧಾರ್ಮಿಕ ಮತ್ತು ಧರ್ಮಾದಾಯ ಇನಾಂಗಳನ್ನೂ ರದ್ದುಗೊಳಿಸಿತು. ಉಳುವವನಿಗೆ ನೆಲ ಸಿಗಬೇಕೆಂಬ ನ್ಯಾಯ ಅದರಲ್ಲಿತ್ತು. ಅದನ್ನು ತಪ್ಪೆನ್ನಲು ನಾನು ಸಿದ್ಧನಿಲ್ಲ. ಇನಾಂ ಬಿಟ್ಟವನ ಮರ್ಜಿ ಕಾಯಬೇಕಾಗಿದ್ದ ಸಂಕಟವೂ ಆ ಹಳೆಯ ಏರ್ಪಾಡಿನಲ್ಲಿ ಬೇಕಾದಷ್ಟಿತ್ತು. ಆದರೆ ನೆಲ ಹೋದ ಜಾಗದಲ್ಲಿ ವಾದ್ಯದವನಿಗೆ ಬಂದದ್ದೇನು ಎಂದು ಕೇಳಿದರೆ, ದೊಡ್ಡ ಊರಿನಲ್ಲಿ ಒಂದು ಉತ್ತರವಿದೆ, ನಮ್ಮ ಊರುಗಳಲ್ಲಿ ಇನ್ನೊಂದು.

ದೊಡ್ಡ ಊರಿನ ಉತ್ತರ ಸಂಗೀತ ಸಭೆ. ಬೆಂಗಳೂರು ಗಾಯನ ಸಮಾಜ ಹುಟ್ಟಿದ್ದು 1905ರಲ್ಲಿ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯನ್ನು ಎಸ್. ವಿ. ನಾರಾಯಣಸ್ವಾಮಿರಾಯರು 1939ರಲ್ಲಿ ಆರಂಭಿಸಿದರು; ರಾಮನವಮಿಯ ಪಾನಕ ಕೋಸಂಬರಿಯ ಜೊತೆಗೆ ದೊಡ್ಡ ದೊಡ್ಡ ವಿದ್ವಾಂಸರ ಕಚೇರಿಗಳನ್ನು ಊರಿನ ಜನಕ್ಕೆ ಅಭ್ಯಾಸ ಮಾಡಿಸಿದ ಸಂಸ್ಥೆ ಅದು. ಸಭೆಯ ಗುಟ್ಟು ಸರಳ. ಒಬ್ಬ ರಾಜ ಕೊಡುತ್ತಿದ್ದುದನ್ನು ಸಾವಿರ ಜನ ಚೂರುಚೂರಾಗಿ ಕೊಡುತ್ತಾರೆ. ವರ್ಷದ ಚಂದಾ ಮೊದಲೇ ಕೈಸೇರುವುದರಿಂದ ಕಚೇರಿಯ ದಿನ ಮಳೆ ಬಂದು ಜನ ಕಡಿಮೆಯಾದರೂ ವಿದ್ವಾಂಸರ ಸಂಭಾವನೆಗೆ ಧಕ್ಕೆಯಿಲ್ಲ. ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ವಿಜ್ಞಾನಕ್ಕೆಂದು ಬೆಂಗಳೂರು ಸೈನ್ಸ್ ಫೋರಂ ಕಟ್ಟಿದಂತೆಯೇ ಸಂಗೀತ ನೃತ್ಯಗಳಿಗೆಂದು ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಕಟ್ಟಿದರು. ಆದರೆ ಕಟ್ಟಿದ್ದು ಬೆಂಗಳೂರಿನಲ್ಲಿ!

ಇಲ್ಲೊಂದು ಭೇದವನ್ನು ನೀವು ಗಮನಿಸಬೇಕು. ಸಭೆ ಎನ್ನುವುದು ಕೇಳುವವರ ಸಂಘ. ನುಡಿಸುವವರ ಸಂಘ ಬೇರೆ. ಕರ್ನಾಟಕ ಗಾನಕಲಾ ಪರಿಷತ್ತು ವಿದ್ವಾಂಸರೇ ಸೇರಿ ನಡೆಸುವ ಸಮ್ಮೇಳನಕ್ಕೆ ಹೆಸರಾದದ್ದು. ಹಿರಿಯರಿಗೆ ಗಾನಕಲಾಭೂಷಣ, ಕಿರಿಯರಿಗೆ ಗಾನಕಲಾಶ್ರೀ ಎಂಬ ಬಿರುದುಗಳನ್ನು ಕೊಡುವುದು ಅದೇ. ಕೇಳುವವರ ಸಂಘ ‘ಈ ವರ್ಷ ಯಾರನ್ನು ಕರೆಯೋಣ?’ ಎಂದು ಯೋಚಿಸುತ್ತದೆ. ನುಡಿಸುವವರ ಸಂಘ ‘ಕರೆಸಿಕೊಳ್ಳದವರ ಗತಿ ಏನು?’ ಎಂದೂ ಯೋಚಿಸಬೇಕಾಗುತ್ತದೆ. ಎರಡೂ ಬೇಕು. ಆದರೆ ಎರಡನೆಯ ಪ್ರಶ್ನೆಯನ್ನು ಕೇಳುವವರು ನಮ್ಮಲ್ಲಿ ಯಾವಾಗಲೂ ವಿರಳ.

ಈಗ ರೇಡಿಯೋದ ಮಾತಿಗೆ ಬರೋಣ. ನಮ್ಮ ಮನೆಯ ಪೆಟ್ಟಿಗೆಯನ್ನೇ ಆಡಿಕೊಂಡಂತಾಗುತ್ತದೆ ಎಂದು ಬಿಟ್ಟುಬಿಟ್ಟರೆ ಅನ್ಯಾಯ. ಯಂತ್ರದಿಂದ ಸಂಗೀತ ಕೇಳಿಬರಲು ಶುರುವಾದಾಗ ಎದುರಿಗೆ ಕುಳಿತು ನುಡಿಸುವವನ ಹೊಟ್ಟೆಯ ಮೇಲೆ ಪೆಟ್ಟು ಬಿತ್ತು. ಇದು ಎಲ್ಲ ದೇಶದಲ್ಲೂ ಆದದ್ದು. ಒಂದು ಹೋಟೆಲಿನಲ್ಲಿ ಸಂಜೆ ಹೊತ್ತು ನಾಲ್ವರು ಪಿಟೀಲು ನುಡಿಸುತ್ತಿದ್ದ ಜಾಗದಲ್ಲಿ ಒಂದು ಗ್ರಾಮಫೋನ್ ತಟ್ಟೆ ತಿರುಗಿದರೆ ಸಾಕು ಎಂದಾಯಿತು. ಅದೇ ತಟ್ಟೆಯಲ್ಲಿ ನುಡಿಸಿದ್ದವರೂ ವಾದ್ಯಗಾರರೇ. ಅಂದರೆ ಅವರು ಒಂದು ದಿನ ನುಡಿಸಿ ತಮ್ಮವರ ನೂರು ದಿನದ ಕೆಲಸವನ್ನು ಕಳೆದಂತಾಯಿತು.

ಅಮೆರಿಕಾದ ವಾದ್ಯಗಾರರ ಒಕ್ಕೂಟ 1896ರಷ್ಟು ಹಿಂದೆಯೇ ಹುಟ್ಟಿದ್ದು. 1942ನೆಯ ಇಸವಿ ಆಗಸ್ಟ್ ಒಂದರಿಂದ ಅದರ ಸದಸ್ಯರು ಯಾವ ರೆಕಾರ್ಡಿಗೂ ನುಡಿಸಲಿಲ್ಲ. ಜೇಮ್ಸ್ ಪೆಟ್ರಿಲೋ ಎಂಬಾತ ಆಗ ಅಧ್ಯಕ್ಷ, ಬಲು ಹಟಮಾರಿ. ಯುದ್ಧದ ಕಾಲ ಬೇರೆ, ಪತ್ರಿಕೆಗಳು ಬೈದವು, ಸರ್ಕಾರ ಗದರಿಸಿತು. ಸಂಘ ಅಲುಗಲಿಲ್ಲ. 1943ರಲ್ಲಿ ಒಂದು ದೊಡ್ಡ ಕಂಪನಿ ಒಪ್ಪಿತು, 1944ರ ನವೆಂಬರಿನಲ್ಲಿ ಉಳಿದೆರಡು ದೊಡ್ಡ ಕಂಪನಿಗಳೂ ಒಪ್ಪಿದವು. ಒಪ್ಪಂದವೇನು ಗೊತ್ತೆ? ಮಾರಾಟವಾದ ಪ್ರತಿಯೊಂದು ತಟ್ಟೆಗೂ ಕಂಪನಿ ಒಂದು ಚಿಕ್ಕ ಮೊತ್ತವನ್ನು ನಿಧಿಗೆ ಕಟ್ಟಬೇಕು. ಆ ನಿಧಿಯಿಂದ ಕೆಲಸವಿಲ್ಲದ ವಾದ್ಯಗಾರರಿಗೆ ಸಂಬಳ ಕೊಟ್ಟು ಉದ್ಯಾನಗಳಲ್ಲಿ, ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ಜನರಿಗೆ ಉಚಿತವಾಗಿ ಕಚೇರಿ ಮಾಡಿಸಬೇಕು. ಸಂಘವೇ ಹಣವನ್ನು ಇಟ್ಟುಕೊಳ್ಳುವುದಕ್ಕೆ 1947ರ ಕಾನೂನು ಅಡ್ಡಿ ಬಂದಿತು. 1948ರಲ್ಲಿ ಮತ್ತೊಮ್ಮೆ ರೆಕಾರ್ಡಿಂಗ್ ನಿಂತು, ಕೊನೆಗೆ ನಿಧಿಯನ್ನು ಸಂಘಕ್ಕೆ ಸೇರದ ಬೇರೊಬ್ಬ ಧರ್ಮದರ್ಶಿಯ ಕೈಗೆ ಒಪ್ಪಿಸಿದರು. ಯಂತ್ರವನ್ನು ಒಡೆಯಲಿಲ್ಲ ನೋಡಿ. ಯಂತ್ರದಿಂದಲೇ ಕಾಣಿಕೆ ಎತ್ತಿ ಎದುರಿಗೆ ನುಡಿಸುವವನಿಗೆ ಕೊಟ್ಟರು. ಈ ಉಪಾಯ ನನಗೆ ಬಹಳ ಹಿಡಿಸಿದೆ.

ಇಂಗ್ಲೆಂಡಿನವರು ಬೇರೆ ದಾರಿ ಹಿಡಿದರು. ಅಲ್ಲಿನ ವಾದ್ಯಗಾರರ ಸಂಘ 1893ರದು. ರೆಕಾರ್ಡು ಕಂಪನಿಗಳ ಸಂಸ್ಥೆಯೂ ವಾದ್ಯಗಾರರ ಸಂಘವೂ ಒಟ್ಟಾಗಿ, ಬಿ. ಬಿ. ಸಿ. ದಿನಕ್ಕೆ ಇಷ್ಟು ಹೊತ್ತಿಗಿಂತ ಹೆಚ್ಚು ತಟ್ಟೆ ಹಾಕಕೂಡದೆಂದು ಮಿತಿ ಹಾಕಿದ್ದವು. ಮಿಕ್ಕ ಹೊತ್ತಿಗೆ ಮನುಷ್ಯರೇ ಬಂದು ನುಡಿಸಬೇಕು. ಆ ಕಟ್ಟು 1988ರವರೆಗೂ ನಡೆಯಿತು.

ನಮ್ಮ ದೇಶದಲ್ಲಿ ಆಕಾಶವಾಣಿಯೇ ಬಹುಕಾಲ ವಾದ್ಯದವರ ದೊಡ್ಡ ಯಜಮಾನನಾಗಿತ್ತು. ಸ್ಟುಡಿಯೋಕ್ಕೆ ಕರೆಸಿ ನುಡಿಸಿ ಸಂಭಾವನೆ ಕೊಡುವುದು ಅದರ ಪದ್ಧತಿ. 1952ರಲ್ಲಿ ಬಿ. ವಿ. ಕೇಸ್ಕರರು ಮಂತ್ರಿಗಳಾದ ಮೇಲೆ ಎಲ್ಲರಿಗೂ ಧ್ವನಿಪರೀಕ್ಷೆ, ದರ್ಜೆ ಎಂದು ಬಂದಾಗ ಹಿರಿಯ ವಿದ್ವಾಂಸರು ಕೆಲವರಿಗೆ ಇದು ಅವಮಾನವೆನಿಸಿತು. ಬೆಂಗಳೂರು ಕೇಂದ್ರ 1955ರ ನವೆಂಬರ್ 2ರಂದು ಆರಂಭವಾಯಿತು. ದರ್ಜೆಯ ವಿಚಾರದಲ್ಲಿ ಜಗಳ ಏನೇ ಇರಲಿ, ಒಂದು ಉಪಕಾರವಾಯಿತು. ಕಾಗದದ ಮೇಲೆ ಹೆಸರು ಬಂತು, ಹೆಸರಿನ ಮುಂದೆ ಮೊತ್ತ ಬಂತು. ಆದರೆ ಧ್ವನಿಪರೀಕ್ಷೆಯವರೆಗೆ ಹೋಗುವವರು ನೂರಕ್ಕೆ ಎಷ್ಟು ಮಂದಿ? ತಮಟೆಯವನೋ ಬ್ಯಾಂಡ್‌ಸೆಟ್ಟಿನ ಕ್ಲಾರಿಯೊನೆಟ್ಟಿನವನೋ ಅಲ್ಲಿಗೆ ಹೋಗುವುದು ಅಪರೂಪ.

ಆದ್ದರಿಂದ ಮತ್ತೆ ನಮ್ಮ ಮದುವೆಯ ಚಪ್ಪರಕ್ಕೆ ಬರೋಣ. ಶಿಡ್ಲಘಟ್ಟದ ಒಂದು ಛತ್ರದಲ್ಲಿ ನಿಮ್ಮ ಮಗಳ ಮದುವೆಯೆಂದು ಇಟ್ಟುಕೊಳ್ಳಿ. ಓಲಗದ ಸೆಟ್ಟು ಎಂದರೆ ನಾಗಸ್ವರಕ್ಕೆ ಇಬ್ಬರು, ಡೋಲಿಗೆ ಒಬ್ಬರೋ ಇಬ್ಬರೋ, ಶ್ರುತಿಗೆ ಒಬ್ಬರು, ತಾಳಕ್ಕೆ ಒಬ್ಬ ಹುಡುಗ. ನೀವು ಮಾತಾಡುವುದು ಹಿರಿಯ ನಾಗಸ್ವರದವರೊಂದಿಗೆ ಮಾತ್ರ. ಅವರು ಹೇಳಿದ ಮೊತ್ತದಲ್ಲಿ ಬಸ್ಸಿನ ಖರ್ಚು, ಡೋಲಿನ ಚರ್ಮ ಬಿಗಿಸಿದ್ದು, ಪೀಪಿ ಕೊಂಡದ್ದು ಎಲ್ಲ ಕಳೆದು, ಉಳಿದದ್ದು ಐದಾರು ಪಾಲು. ತಾಳದ ಹುಡುಗನ ಪಾಲು ಎಷ್ಟೆಂದು ನೀವು ಕೇಳಿಯೇ ಇರುವುದಿಲ್ಲ. ನಾನೂ ಬಹಳ ವರ್ಷ ಕೇಳಿರಲಿಲ್ಲ.

ಈ ಕೆಲಸದ ಕಷ್ಟ ಮೊತ್ತದಲ್ಲಷ್ಟೇ ಅಲ್ಲ, ಪಂಚಾಂಗದಲ್ಲಿದೆ. ಆಷಾಢದಲ್ಲಿ ಮದುವೆಯಿಲ್ಲ, ಪಿತೃಪಕ್ಷದಲ್ಲಿಲ್ಲ, ಧನುರ್ಮಾಸದಲ್ಲಿಲ್ಲ. ಒಳ್ಳೆಯ ಮುಹೂರ್ತ ಬಂದಿತೋ, ನಾಲ್ಕೂ ಊರಿನ ಅಷ್ಟೂ ಛತ್ರಗಳಲ್ಲಿ ಅದೇ ದಿನ, ಹೆಚ್ಚು ಕಡಿಮೆ ಅದೇ ಗಳಿಗೆ! ಹತ್ತು ಸೆಟ್ಟು ಇರುವಲ್ಲಿ ಇಪ್ಪತ್ತು ಮನೆಯವರು ಹುಡುಕುತ್ತಾರೆ. ಮರುವಾರ ಹತ್ತೂ ಸೆಟ್ಟು ಖಾಲಿ. ಒಬ್ಬೊಬ್ಬನೇ ನಿಂತರೆ ಈ ಏರಿಳಿತವನ್ನು ತಡೆಯಲಾರ. ಬಿಡುವಿನ ತಿಂಗಳಲ್ಲಿ ಸಾಲ ಮಾಡುತ್ತಾನೆ, ಲಗ್ನದ ತಿಂಗಳಲ್ಲಿ ತೀರಿಸುತ್ತಾನೆ. ಸಾಲ ಕೊಟ್ಟವನೇ ಮದುವೆಯ ಗುತ್ತಿಗೆದಾರನಾಗಿದ್ದರೆ ದರವನ್ನೂ ಅವನೇ ಗೊತ್ತುಮಾಡುತ್ತಾನೆ.

ಸಂಘದ ಕೆಲಸ ಇಲ್ಲಿಂದ ಶುರು. ಕನಿಷ್ಠ ದರ ಇಷ್ಟು ಎಂದು ಎಲ್ಲರೂ ಕೂತು ಗೊತ್ತುಮಾಡಿಕೊಂಡರೆ ಒಬ್ಬರ ಅನ್ನವನ್ನು ಇನ್ನೊಬ್ಬರು ಕಡಿಮೆ ಕೂಗಿ ಕಸಿಯುವುದು ತಪ್ಪುತ್ತದೆ. ಮುಂಗಡ ಕೊಟ್ಟ ಮೇಲೆ ಮದುವೆ ನಿಂತುಹೋದರೆ ಎಷ್ಟು ವಾಪಸು, ವಾದ್ಯದವರೇ ಬರದಿದ್ದರೆ ಎಷ್ಟು ಪರಿಹಾರ ಎಂಬ ನಿಯಮ ಇಬ್ಬರಿಗೂ ಒಳ್ಳೆಯದು. ಮುಹೂರ್ತದ ಹಿಂದಿನ ರಾತ್ರಿ ನಾಗಸ್ವರದವರಿಗೆ ಜ್ವರ ಬಂದರೆ ಯಾರಿಗೆ ಫೋನು ಮಾಡಬೇಕು? ಸಂಘವಿದ್ದರೆ ಚಿಂತಾಮಣಿಯಿಂದ ಇನ್ನೊಬ್ಬರು ಬರುತ್ತಾರೆ. ಇಲ್ಲದಿದ್ದರೆ ನೀವು ಮೊಬೈಲಿನ ಗಟ್ಟಿಮೇಳದಲ್ಲಿ ಮಾಂಗಲ್ಯ ಕಟ್ಟಿಸಬೇಕಾಗುತ್ತದೆ. ಹಾಗೆ ಕಟ್ಟಿಸಿದ್ದನ್ನು ಕಂಡವರೂ ಇದ್ದಾರೆ.

ಈ ನಾಲ್ಕು ಊರಿನವರಿಗೆ ಸಂಘದ ಪ್ರಯೋಜನವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಳ್ಳಿಯ ಹಾಲಿನ ಡೈರಿಯನ್ನು ನೋಡಿ. ಎರಡು ಲೀಟರು ಹಾಕುವ ಮುದುಕಿಯ ಹೆಸರೂ ಪುಸ್ತಕದಲ್ಲಿದೆ. ರೇಷ್ಮೆಗೂಡಿನ ಮಾತನ್ನೇ ತೆಗೆದುಕೊಳ್ಳಿ. 1959ರ ಕಾಯಿದೆ ಬಂದು ಗೂಡಿನ ವ್ಯಾಪಾರ ಸರ್ಕಾರಿ ಮಾರುಕಟ್ಟೆಯಲ್ಲಿ ಬಹಿರಂಗ ಹರಾಜಿನಿಂದಲೇ ನಡೆಯಬೇಕೆಂದಾಯಿತು. ಎಲ್ಲರೆದುರಿಗೆ ತೂಕ, ಎಲ್ಲರೆದುರಿಗೆ ದರ. ಮನೆಬಾಗಿಲಿಗೆ ಬಂದು ಕಣ್ಣಳತೆಯಲ್ಲಿ ಬೆಲೆ ಕಟ್ಟುತ್ತಿದ್ದ ದಲ್ಲಾಳಿಯ ಕೈ ಸ್ವಲ್ಪ ಕಟ್ಟಿಹೋಯಿತು. ಗೂಡಿಗೆ ಇರುವ ಈ ಬಂದೋಬಸ್ತು ಗೂಡು ಮಾರಿದ ಹಣದಲ್ಲಿ ನಡೆಯುವ ಮದುವೆಯ ವಾದ್ಯದವನಿಗಿಲ್ಲ.

ಇದರ ಬೆಲೆ ಏನೆಂಬುದು 2020ರಲ್ಲಿ ತಿಳಿಯಿತು. ಆ ವರ್ಷ ಮಾರ್ಚ್ 25, ಯುಗಾದಿಯ ದಿನವೇ, ದೇಶವೆಲ್ಲ ಬಾಗಿಲು ಹಾಕಿತು. ಚೈತ್ರ ವೈಶಾಖಗಳ ಲಗ್ನವೆಲ್ಲ ಹೋಯಿತು. ರಥೋತ್ಸವ, ಜಾತ್ರೆ, ರಾಮನವಮಿ ಎಲ್ಲವೂ. ಮರುವರ್ಷ ಏಪ್ರಿಲ್ ಕೊನೆಗೆ ಮತ್ತೆ ಅದೇ ಕಥೆ. ಬೇರೆಯವರಿಗೆ ಎರಡು ತಿಂಗಳ ನಷ್ಟವಾದರೆ ವಾದ್ಯದವನಿಗೆ ವರ್ಷದ ಸಂಪಾದನೆಯೇ ಆ ಎರಡು ತಿಂಗಳಲ್ಲಿತ್ತು. 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕಲಾವಿದರಿಗೂ ಕಲಾತಂಡಗಳಿಗೂ ತಲಾ 3,000 ರೂಪಾಯಿ ಪ್ರಕಟಿಸಿತು. ಫಲಾನುಭವಿಗಳು 16,095, ಒಟ್ಟು ಸುಮಾರು 4.82 ಕೋಟಿ ರೂಪಾಯಿ ಎಂದು ಲೆಕ್ಕ ಕೊಟ್ಟರು. ಆರು ಕೋಟಿಗೂ ಮೀರಿದ ಜನರಿರುವ ಈ ನಾಡಿನಲ್ಲಿ ಹಾಡಿ, ನುಡಿಸಿ, ಕುಣಿದು ಬದುಕುವವರು ಹದಿನಾರು ಸಾವಿರವೇ ಇರುವುದು? ಒಂದೊಂದು ತಾಲ್ಲೂಕಿನ ಓಲಗದವರನ್ನೂ ತಮಟೆಯವರನ್ನೂ ನೀವೇ ಬೆರಳು ಮಡಿಸಿ ಎಣಿಸಿ ನೋಡಿ.

ಸರ್ಕಾರವನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಹಣ ಕೊಡಬೇಕಾದರೆ ಅದಕ್ಕೆ ಪಟ್ಟಿ ಬೇಕು. ಪಟ್ಟಿಯಲ್ಲಿ ಹೆಸರಿರಬೇಕಾದರೆ ಈತ ಇಂತಿಷ್ಟು ವರ್ಷದಿಂದ ನುಡಿಸುತ್ತಿದ್ದಾನೆ ಎಂದು ಹೇಳಲು ಏನಾದರೊಂದು ದಾಖಲೆ ಬೇಕು. ನೂರು ಮದುವೆಯಲ್ಲಿ ನುಡಿಸಿದವನ ಹತ್ತಿರ ಒಂದು ರಶೀದಿಯಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ವಯಸ್ಸಾದ, ಕಷ್ಟದಲ್ಲಿರುವ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಅದರ ಅರ್ಜಿಯ ಮುಂದೆಯೂ ಇದೇ ತೊಡಕು. ಊರಿನಲ್ಲೊಂದು ಸಂಘವಿದ್ದು, ಅದರ ಗುಮಾಸ್ತನೊಬ್ಬ ಸದಸ್ಯರ ಹೆಸರು, ವಾದ್ಯ, ವಯಸ್ಸು, ನುಡಿಸಿದ ದಿನ ಬರೆದಿಡುತ್ತ ಬಂದಿದ್ದರೆ ಆ ಪುಸ್ತಕವೇ ಸಾಕ್ಷಿ. ಸಂಘ ಕೊಡಬಹುದಾದ ದೊಡ್ಡ ಸಹಾಯ ಹಣವಲ್ಲ, ಈ ಪುಸ್ತಕ ಎಂದೇ ನನ್ನ ಅಭಿಪ್ರಾಯ.

ಇದಕ್ಕೆ ಬಂಡವಾಳವೇನೂ ಬೇಡ. 1960ರ ಸಂಘಗಳ ನೋಂದಣಿ ಕಾಯಿದೆಯಂತೆ ಏಳು ಮಂದಿ ಸೇರಿದರೆ ಸಂಘ ನೋಂದಾಯಿಸಬಹುದು. ಒಂದೂವರೆ ಓಲಗದ ಸೆಟ್ಟಿಗೆ ಏಳು ಮಂದಿ ಆಗಿಯೇ ಆಗುತ್ತಾರೆ! ಆಮೇಲೆ ವರ್ಷ ವರ್ಷ ಲೆಕ್ಕ ಒಪ್ಪಿಸುವುದು ಬೇಜಾರಿನ ಕೆಲಸ, ನಿಜ. ಎಷ್ಟೋ ಸಂಘಗಳು ಉದ್ಘಾಟನೆಯ ಹಾರ ಬಾಡುವ ಮುಂಚೆಯೇ ಮಲಗಿಬಿಡುವುದು ಅದಕ್ಕೇ. ಊರಿನ ಒಬ್ಬ ನಿವೃತ್ತ ಮೇಷ್ಟರೋ ಬ್ಯಾಂಕಿನವರೋ ಲೆಕ್ಕ ಬರೆಯಲು ಒಪ್ಪಿಕೊಂಡರೆ ಅರ್ಧ ಕೆಲಸವಾದಂತೆ.

ಹಕ್ಕಿನ ವಿಚಾರವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. 1957ರ ಕೃತಿಸ್ವಾಮ್ಯ ಕಾಯಿದೆ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಕ್ಷಣೆ ಕೊಟ್ಟಿತು. ಅವರ ಪರವಾಗಿ ಹಣ ವಸೂಲು ಮಾಡುವ ಸಂಸ್ಥೆ 1969ರಲ್ಲಿ ಹುಟ್ಟಿತು. ನುಡಿಸುವವನಿಗೆ ಅವನದೇ ಆದ ಹಕ್ಕು ಬಂದದ್ದು 1994ರ ತಿದ್ದುಪಡಿಯಲ್ಲಿ. ತ್ಯಾಗರಾಜರ ಕೃತಿಗೆ ಈಗ ಯಾರೂ ಹಣ ಕೇಳುವಂತಿಲ್ಲ, ಅವರು 1847ರಲ್ಲೇ ಸಮಾಧಿಯಾದವರು. ಆದರೆ ಅದನ್ನು ನಿಮ್ಮ ಮದುವೆಯಲ್ಲಿ ನುಡಿಸಿದ ನಾಗಸ್ವರದವರ ನುಡಿಸಾಣಿಕೆ ಅವರದೇ. ಚಿತ್ರೀಕರಿಸಿ ಮಾರುವುದಾದರೆ ಅವರನ್ನು ಕೇಳಬೇಕು. ಮದುವೆಯ ಮೆರವಣಿಗೆಯಲ್ಲಿ ಸಿನಿಮಾ ಹಾಡು ಬಾರಿಸಿದರೆ ಪರವಾನಗಿ ಬೇಕೆ ಎಂದು ಹೆದರಬೇಡಿ. ಮದುವೆಯ ಸಮಾರಂಭಗಳಿಗೆ ಆ ಕಾಯಿದೆಯಲ್ಲೇ ವಿನಾಯಿತಿಯಿದೆ.

ನಮ್ಮ ಸೀಮೆಯಲ್ಲಿ ಕಲೆಗೆ ಬರವಿಲ್ಲ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಚಿಂತಾಮಣಿಯ ಹತ್ತಿರದ ಕೈವಾರದಲ್ಲಿ, ಯೋಗಿನಾರೇಯಣ ತಾತಯ್ಯನವರ ಸನ್ನಿಧಿಯಲ್ಲಿ, ಗುರುಪೂರ್ಣಿಮೆಗೆ 72 ಗಂಟೆಗಳ ಅಖಂಡ ಸಂಗೀತೋತ್ಸವ ನಡೆಯುತ್ತದೆ. ದೊಡ್ಡ ವಿದ್ವಾಂಸರೂ ಬರುತ್ತಾರೆ, ಹಳ್ಳಿಯ ಭಜನೆಯ ತಂಡದವರೂ ಬರುತ್ತಾರೆ. ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ತಮಟೆ ಬಾರಿಸಿ 2023ರಲ್ಲಿ ಪದ್ಮಶ್ರೀ ಪಡೆದರು. ಸಾವಿನ ಮನೆಯ ವಾದ್ಯವೆಂದು ದೂರ ನಿಲ್ಲಿಸಿದ್ದ ತಮಟೆಗೆ ಬಂದ ಗೌರವ ಅದು. ಒಬ್ಬರಿಗೆ ಬಂದ ಪ್ರಶಸ್ತಿಯಿಂದ ಪಕ್ಕದ ಹಳ್ಳಿಯ ತಮಟೆಯವನ ದಿನಗೂಲಿ ಏರುವುದಿಲ್ಲ. ಆದರೆ ಅವನು ದರ ಹೇಳುವಾಗ ತಲೆ ಎತ್ತಿ ಹೇಳಬಹುದು. ಪಕ್ಕದಲ್ಲಿ ಸಂಘವಿದ್ದರೆ ಹೇಳಿದ್ದನ್ನು ಉಳಿಸಿಕೊಳ್ಳಲೂಬಹುದು.

ಅದೆಲ್ಲ ಆಗುವಾಗ ಆಗಲಿ. ಮುಂದಿನ ಲಗ್ನಕ್ಕೆ ನೀವು ಓಲಗ ಗೊತ್ತುಮಾಡಲು ಹೋದಾಗ ಒಂದು ಬಿಳಿ ಹಾಳೆ ತೆಗೆದುಕೊಂಡು ಹೋಗಿ. ದಿನಾಂಕ, ಛತ್ರದ ಹೆಸರು, ವರಪೂಜೆಗೆ ಎಷ್ಟು ಹೊತ್ತಿಗೆ, ಧಾರೆಗೆ ಎಷ್ಟು ಹೊತ್ತಿಗೆ, ಒಟ್ಟು ಮೊತ್ತ, ಕೊಟ್ಟ ಮುಂಗಡ, ಬಸ್ಸಿನ ಖರ್ಚು ಯಾರದು ಎಂದು ಬರೆಯಿರಿ. ಹಿರಿಯರ ಹೆಸರೊಂದನ್ನೇ ಬರೆದು ‘ಮತ್ತು ಸಂಗಡಿಗರು’ ಎಂದು ಮುಗಿಸಬೇಡಿ. ಡೋಲಿನವರದು, ಶ್ರುತಿಯವರದು, ತಾಳದ ಹುಡುಗನದು, ಎಲ್ಲರ ಹೆಸರನ್ನೂ ಕೇಳಿ ಬರೆಯಿರಿ. ಎರಡು ಪ್ರತಿ ಮಾಡಿ ರುಜು ಹಾಕಿ, ಒಂದನ್ನು ಅವರ ಕೈಗೆ ಕೊಡಿ. ಹಾಗೆಯೇ ಧಾರೆಗೆ ಮುಂಚೆ ಅವರಿಗೆ ತಿಂಡಿ ಆಯಿತೆ ಎಂದು ಅಡಿಗೆಯವರನ್ನು ಒಮ್ಮೆ ವಿಚಾರಿಸಿ. ಕಡೆಯ ಪಂಕ್ತಿಯವರೆಗೂ ಕಾದು ಕುಳಿತವರು ಬಹಳ ಸಲ ಅವರೇ ಆಗಿರುತ್ತಾರೆ.